ಯಾಂತಿಯ ಹೆಸರಿನ ಮುಂದಿದ್ದ ಮುನ್ನೂರು ಡಾಲರ್

ಸಿಂಗಪುರದ ಒಂದು ಕನ್ನಡ ಮನೆಯಲ್ಲಿ ಎರಡೂವರೆ ವರ್ಷ ನಡೆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ವಿದೇಶಿ ಮನೆಗೆಲಸದವರನ್ನು ಇಟ್ಟುಕೊಂಡ ಮನೆಯವರು ಪ್ರತಿ ತಿಂಗಳು ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕಕ್ಕೆ ಈ ಊರಿನಲ್ಲಿ ಲೆವಿ ಎನ್ನುತ್ತಾರೆ. ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದೇ ಈ ಬರಹದ ವಿಷಯ. ಮನೆಯವರನ್ನು ಅಜ್ಜಿ, ಮಗ, ಸೊಸೆ ಎಂದೇ ಕರೆಯುತ್ತೇನೆ. ಅವರ ಮನೆಯಲ್ಲಿ ಕೆಲಸಕ್ಕಿದ್ದವಳು ಇಂಡೋನೇಷ್ಯಾದ ಮಧ್ಯ ಜಾವಾದ ಹೆಣ್ಣುಮಗಳು. ಯಾಂತಿ ಎಂಬುದು ನಾನು ಇಟ್ಟ ಹೆಸರು. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ, ಹಣದ ಅಂಕಿಗಳನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೇನೆ. ಅವುಗಳನ್ನು ಬದಲಿಸಿದರೆ ಈ ಪ್ರಕರಣದಲ್ಲಿ ಏನೂ ಉಳಿಯುವುದಿಲ್ಲ. ಬರೆಯಲು ಯಾಂತಿಯ ಒಪ್ಪಿಗೆಯೂ ಇದೆ, ಮನೆಯವರ ಒಪ್ಪಿಗೆಯೂ ಇದೆ.

ನಾನು ಲೆಕ್ಕಪತ್ರದ ಕೆಲಸದವಳು. ಇಲ್ಲಿನ ಪರಿಚಯದ ಕುಟುಂಬಗಳು ತೆರಿಗೆ, ಅರ್ಜಿ, ಕರಾರು ಎಂದು ಕಾಗದಗಳನ್ನು ಹಿಡಿದುಕೊಂಡು ಬರುತ್ತವೆ. ಆ ಮನೆಯವರೂ ಹಾಗೆಯೇ ಬಂದರು.

ಹಿನ್ನೆಲೆ

ಅಜ್ಜಿ 2019ರಲ್ಲಿ ಮೊಮ್ಮಗಳನ್ನು ನೋಡಿಕೊಳ್ಳಲು ಮಲೆನಾಡಿನ ಊರಿನಿಂದ ಬಂದವರು. ಮಗ, ಸೊಸೆ ಇಬ್ಬರೂ ಸಿಂಗಪುರದ ಕಾಯಂ ನಿವಾಸಿಗಳು, ಪ್ರಜೆಗಳಲ್ಲ. ಮೊಮ್ಮಗಳು ಹುಟ್ಟಿದ್ದು ಇಲ್ಲಿಯೇ. ಆದರೆ ಈ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ, ತಂದೆ ಅಥವಾ ತಾಯಿ ಪ್ರಜೆಯಾಗಿರಬೇಕು. ಹಾಗಾಗಿ ಮಗುವೂ ಕಾಯಂ ನಿವಾಸಿಯೇ. ಅಜ್ಜಿಯದು ದೀರ್ಘಾವಧಿ ಭೇಟಿಯ ಪಾಸ್.

2022ರ ಜನವರಿಯ ಒಂದು ಬೆಳಗ್ಗೆ ಅಜ್ಜಿ ಸ್ನಾನದ ಮನೆಯಲ್ಲಿ ಕುಸಿದರು. ಲಕ್ವ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಆಗ ಅವರಿಗೆ 71 ವರ್ಷ. ಆಸ್ಪತ್ರೆಯ ಬಿಲ್ಲು ಸಹಾಯಧನವಿಲ್ಲದ ದರದಲ್ಲಿ ಬಂತು. ಅದನ್ನು ತೀರಿಸುವ ಹೊತ್ತಿಗೆ ಉಳಿತಾಯದ ಬಹುಪಾಲು ಕರಗಿತ್ತು. ಇಬ್ಬರೂ ದುಡಿಯದೆ ಗತಿಯಿರಲಿಲ್ಲ, ಅಜ್ಜಿಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಮಾರ್ಚ್‌ನಲ್ಲಿ ಯಾಂತಿ ಬಂದಳು. ಹಿಂದಿನ ಮನೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಳು. ಸಂಬಳ ತಿಂಗಳಿಗೆ 600 ಸಿಂಗಪುರ ಡಾಲರ್ ಎಂದು ಮಾತಾಯಿತು. ಡಾಲರಿಗೆ ಸುಮಾರು 60 ರೂಪಾಯಿ ಎಂದು ಹಿಡಿದರೆ 36,000 ರೂಪಾಯಿ.

ಯಾಂತಿಗೆ ಕನ್ನಡ ಬಾರದು, ಅಜ್ಜಿಗೆ ಕನ್ನಡವಲ್ಲದೆ ಬೇರೇನೂ ಬಾರದು. ಯಾಂತಿಯ ಬಳಿ ಒಂದು ಉದ್ದ ಗೆರೆಯ ನೋಟುಪುಸ್ತಕವಿತ್ತು. ಎಡಪುಟಗಳಲ್ಲಿ ತನ್ನ ಲಿಪಿಯಲ್ಲಿ ಕನ್ನಡದ ಮಾತುಗಳನ್ನು ಬರೆದುಕೊಳ್ಳುತ್ತಿದ್ದಳು: ನೀರು, ಸಾಕು, ನೋವು, ಮಗ್ಗುಲು, ಬಿಸಿ, ಇನ್ನೊಂಚೂರು. ಪ್ರತಿ ಮಾತಿನ ಎದುರು ಅದರ ಅರ್ಥ. ಬಲಪುಟಗಳಲ್ಲಿ ತಿಂಗಳು, ಬಂದ ಸಂಬಳ, ಊರಿಗೆ ಕಳಿಸಿದ್ದು, ಕೈಯಲ್ಲಿ ಉಳಿದದ್ದು. ಅಜ್ಜಿಯನ್ನು ರಾತ್ರಿಯಿಡೀ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. "ಮಗ್ಗುಲು, ಅಜ್ಜಿ" ಎಂದು ಕತ್ತಲಲ್ಲಿ ಮೆಲ್ಲಗೆ ಹೇಳಿ, ಹೆಗಲಿಗೊಂದು ಸೊಂಟಕ್ಕೊಂದು ಕೈಕೊಟ್ಟು ಹೊರಳಿಸುತ್ತಿದ್ದಳು. ರಾಗಿ ಗಂಜಿ ಎಷ್ಟು ತೆಳುವಾದರೆ ಅಜ್ಜಿಗೆ ನೆತ್ತಿಗೆ ಹತ್ತುತ್ತದೆ, ಎಷ್ಟು ಗಟ್ಟಿಯಾದರೆ ಗಂಟಲಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ವಾರದಲ್ಲಿ ಕಲಿತಳು.

ಲೆವಿ ಎಂದರೆ ಏನು

ವಿದೇಶಿ ಮನೆಗೆಲಸದವರನ್ನು ಕರೆಸಿಕೊಳ್ಳುವ ಯೋಜನೆ ಸಿಂಗಪುರದಲ್ಲಿ ಆರಂಭವಾದದ್ದು 1978ರಲ್ಲಿ. 1984ರಲ್ಲಿ ಅವರನ್ನು ಇಟ್ಟುಕೊಂಡ ಮನೆಯವರ ಮೇಲೆ ತಿಂಗಳಿಗೆ 120 ಡಾಲರ್ ಲೆವಿ ಹಾಕಲಾಯಿತು. ವಿದೇಶಿ ಕೆಲಸದವರ ಮೇಲಿನ ಅವಲಂಬನೆಗೆ ಕಡಿವಾಣ ಹಾಕಬೇಕು ಎಂಬುದು ಅದರ ಹಿಂದಿನ ತರ್ಕ. ಏರಿಳಿತಗಳ ನಂತರ 2019ರ ಏಪ್ರಿಲ್‌ನಿಂದ ಮೊದಲ ಕೆಲಸದವರಿಗೆ 300, ಎರಡನೆಯವರಿಗೆ 450 ಡಾಲರ್ ಆಗಿದೆ. ಹಣ ಸರ್ಕಾರದ ಸಾಮಾನ್ಯ ಆದಾಯಕ್ಕೆ ಸೇರುತ್ತದೆ.

ರಿಯಾಯಿತಿ ದರವೂ ಇದೆ: ತಿಂಗಳಿಗೆ 60 ಡಾಲರ್. ಮನೆಯಲ್ಲಿ 16 ವರ್ಷದೊಳಗಿನ ಸಿಂಗಪುರ ಪ್ರಜೆಯಾದ ಮಗು ಇದ್ದರೆ, 67 ತುಂಬಿದ ಪ್ರಜೆಯಾದ ಹಿರಿಯರಿದ್ದರೆ, ನಿತ್ಯದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕಾದ ಅಂಗವಿಕಲರಿದ್ದರೆ ಅದು ಸಿಗುತ್ತದೆ. 2015ರಲ್ಲಿ ರಿಯಾಯಿತಿ ದರವನ್ನು 120ರಿಂದ 60ಕ್ಕೆ ಇಳಿಸಿದರು, ಮಕ್ಕಳ ವಯೋಮಿತಿಯನ್ನು 12ರಿಂದ 16ಕ್ಕೆ ಏರಿಸಿದರು. 2019ರಲ್ಲಿ ಹಿರಿಯರ ವಯಸ್ಸನ್ನು 65ರಿಂದ 67ಕ್ಕೆ ಏರಿಸಿದರು. ಮನೆಯ ಆದಾಯ ಎಷ್ಟು ಎಂದು ಇದಕ್ಕೆ ಯಾರೂ ಕೇಳುವುದಿಲ್ಲ.

ಲೆವಿಯನ್ನು ಕೆಲಸದವರ ಸಂಬಳದಿಂದ ಹಿಡಿಯುವಂತಿಲ್ಲ ಎಂಬುದು ಕಾನೂನು. ಪ್ರತಿ ತಿಂಗಳ 17ರಂದು ಮನೆಯವರ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಇದರ ಜೊತೆ 5,000 ಡಾಲರಿನ ಭದ್ರತಾ ಬಾಂಡ್, ವಿಮೆ, ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ.

ಸೊಸೆ ಇದನ್ನೆಲ್ಲ ವಿವರಿಸಿದಾಗ ಅಜ್ಜಿ ಕಷ್ಟಪಟ್ಟು ಮಾತು ಕೂಡಿಸಿ, "ಭತ್ತಕ್ಕೆ ಲೆವಿ ಕೊಟ್ಟಿದ್ದು ಗೊತ್ತು. ಮನುಷ್ಯರಿಗೂ ಲೆವಿಯೇ?" ಎಂದು ಕೇಳಿದರಂತೆ. ಅವರ ಗಂಡ ಗದ್ದೆ ಮಾಡುತ್ತಿದ್ದವರು. ಅವರ ತಲೆಮಾರಿಗೆ ಲೆವಿ ಎಂದರೆ ಸರ್ಕಾರ ಕಣದಿಂದ ಅಳೆದುಕೊಂಡು ಹೋಗುತ್ತಿದ್ದ ಭತ್ತ.

ಸಮಸ್ಯೆ

ಆ ಮನೆಯಲ್ಲಿ ಮಗುವಿದೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಆದರೂ ಲೆವಿ 300. ಅದೇ ಅಂತಸ್ತಿನಲ್ಲಿ ಎರಡು ಬಾಗಿಲು ಆಚೆ ಸ್ಥಳೀಯ ದಂಪತಿ. ಅವರ ಮಗ 14 ವರ್ಷದವನು, ಶಾಲೆಯ ಓಟಗಾರ. ಅವರ ಲೆವಿ 60. ಅವರ ಮೇಲೆ ಇವರಿಗೆ ಹೊಟ್ಟೆಕಿಚ್ಚಿರಲಿಲ್ಲ. ಅಜ್ಜಿ ಕುಸಿದ ದಿನ ಗಾಲಿಕುರ್ಚಿ ತಂದುಕೊಟ್ಟವರೇ ಅವರು. ಆದರೆ ತಿಂಗಳಿಗೆ 240 ಡಾಲರಿನ ವ್ಯತ್ಯಾಸ ಮಗನ ಕಣ್ಣಿಗೆ ಕುಟುಕುತ್ತಿತ್ತು. "ಯಾರಿಗೆ ಹೆಚ್ಚು ಅಗತ್ಯ ಎಂದು ನೋಡುವುದಾದರೆ ನಮ್ಮನ್ನು ನೋಡಬೇಕಲ್ಲವೇ?" ಎಂಬುದು ಅವನ ಪ್ರಶ್ನೆ.

ಈ ಪ್ರಶ್ನೆಗೆ ನನ್ನ ಬಳಿ ಅವನು ಬಯಸಿದ ಉತ್ತರವಿರಲಿಲ್ಲ. ಯಾವ ದೇಶವೂ ತನ್ನ ಪ್ರಜೆಗಳ ಮಕ್ಕಳಿಗೆ, ಮುದುಕರಿಗೆ ಮೊದಲು ನೆರಳು ಕೊಡುತ್ತದೆ. ಕಾಯಂ ನಿವಾಸಿಗಳಾಗಿ ಉಳಿದು ಭಾರತದ ಪಾಸ್‌ಪೋರ್ಟನ್ನು ಇಟ್ಟುಕೊಂಡದ್ದು ಇವರದೇ ಆಯ್ಕೆ. ಅದರ ಲಾಭಗಳನ್ನು ಉಂಡವರು ನಷ್ಟವನ್ನೂ ಉಣ್ಣಬೇಕು. ಆದರೆ ರಿಯಾಯಿತಿಯ ಉದ್ದೇಶ ಆರೈಕೆಯೇ ಆಗಿದ್ದರೆ ಓಡುವ ಹುಡುಗನಿಗೆ ಸಿಗುವುದು ಹಾಸಿಗೆ ಹಿಡಿದವರಿಗೆ ಸಿಗದಿರುವುದು ನ್ಯಾಯದ ತಕ್ಕಡಿಯಲ್ಲಿ ಸರಿದೂಗುವುದಿಲ್ಲ ಎಂಬುದನ್ನೂ ನಾನು ಒಪ್ಪುತ್ತೇನೆ. ಪ್ರಜೆಗಳ ನಡುವೆಯೂ ಇದು ಸರಿದೂಗುವುದಿಲ್ಲ. ಸಿರಿವಂತರ ಮನೆಯಲ್ಲಿ 15ರ ಮಗನಿದ್ದರೆ 60, ಮಕ್ಕಳಿಲ್ಲದ ಮಗಳೊಬ್ಬಳು 66ರ ತಾಯಿಯನ್ನು ಸಾಕುತ್ತಿದ್ದರೆ 300.

ಆಗ ನಾವು ಮೂವರೂ ಮನೆಗೂ ಮನೆಗೂ ನಡುವಿನ ನ್ಯಾಯವನ್ನಷ್ಟೇ ಅಳೆಯುತ್ತಿದ್ದೆವು. ಯಾಂತಿ ಅಡುಗೆಮನೆಯಲ್ಲಿದ್ದಳು.

ಮಾಡಿದ ಪ್ರಯತ್ನಗಳು

ಮೊದಲು ರಿಯಾಯಿತಿಗೆ ಅರ್ಜಿ. ಅಜ್ಜಿಯ ವಯಸ್ಸು ಸಾಕು, ಅಂಗವೈಕಲ್ಯದ ಪ್ರಮಾಣಪತ್ರವೂ ಸಿದ್ಧವಿತ್ತು, ಆದರೆ ಅವರು ಭೇಟಿಯ ಪಾಸ್‌ನವರು, ಪ್ರಜೆಯಲ್ಲ. ಅರ್ಜಿ ತಿರಸ್ಕೃತವಾಯಿತು. ನಿಯಮ ಇದ್ದದ್ದೇ ಹಾಗೆ, ಕಚೇರಿಯವರು ತಪ್ಪು ಮಾಡಲಿಲ್ಲ.

ಎರಡನೆಯದು ಅಡ್ಡದಾರಿ. ಪಕ್ಕದ ಕಟ್ಟಡದಲ್ಲಿ ಒಂಟಿಯಾಗಿ ವಾಸಿಸುವ, 70 ದಾಟಿದ ಒಬ್ಬ ಪ್ರಜೆಯ ಪರಿಚಯವಿತ್ತು. ಅವರ ಹೆಸರಿನಲ್ಲಿ ಯಾಂತಿಯ ಕೆಲಸದ ಪರವಾನಗಿ ಮಾಡಿಸಿದರೆ ಲೆವಿ 60. ಅವರಿಗೆ ತಿಂಗಳಿಗೆ 100 ಕೊಟ್ಟರೂ 140 ಉಳಿಯುತ್ತದೆ. ಕೆಲಸ ಮಾತ್ರ ಈ ಮನೆಯಲ್ಲಿಯೇ. "ಎಲ್ಲರೂ ಮಾಡುತ್ತಾರೆ" ಎಂದು ಸಲಹೆ ಕೊಟ್ಟವರು ಹೇಳಿದರು. ನನಗೆ ತಿಳಿದ ಮಟ್ಟಿಗೆ ಎಲ್ಲರೂ ಮಾಡುವುದಿಲ್ಲ. ಸುಳ್ಳು ಘೋಷಣೆಗೆ 20,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಸೆರೆ. ನೋಂದಾಯಿಸಿದ ವಿಳಾಸ ಬಿಟ್ಟು ಬೇರೆ ಮನೆಯಲ್ಲಿ ಕೆಲಸ ಮಾಡಿಸುವುದು ಇನ್ನೊಂದು ಅಪರಾಧ. ಇದನ್ನು ನಾನು ಹೇಳಿದೆ, ಮಗ ಎರಡು ದಿನ ಯೋಚಿಸಿದ. 140 ಡಾಲರ್ ಆ ತಿಂಗಳುಗಳಲ್ಲಿ ಅವರಿಗೆ ಸಣ್ಣ ಮೊತ್ತವಲ್ಲ.

ದಂಡದ ಭಯ ಅವನನ್ನು ತಡೆಯಲಿಲ್ಲ, ಸೊಸೆಯ ಮಾತು ತಡೆಯಿತು. "ರಾತ್ರಿ ಎರಡು ಗಂಟೆಗೆ ಅತ್ತೆಗೆ ಉಸಿರು ಸಿಕ್ಕಿಹಾಕಿಕೊಂಡು ಆಂಬುಲೆನ್ಸ್ ಬಂದರೆ, ಪಕ್ಕದಲ್ಲಿರುವ ಈ ಹೆಂಗಸು ಯಾರು ಎಂದು ಕೇಳುತ್ತಾರೆ. ಆಗ ಸುಳ್ಳು ಹೇಳಬೇಕಾದವಳು ಯಾಂತಿ. ಸಿಕ್ಕಿಬಿದ್ದರೆ ನಾವು ದಂಡ ಕಟ್ಟಿ ಇಲ್ಲಿಯೇ ಇರುತ್ತೇವೆ, ಅವಳು ವಿಮಾನ ಹತ್ತುತ್ತಾಳೆ." ಲೆವಿಯ ವಿಷಯದಲ್ಲಿ ಯಾಂತಿಯನ್ನು ಒಬ್ಬ ವ್ಯಕ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಮಾತು ಅದು. ಯೋಜನೆಯನ್ನು ಅಲ್ಲಿಗೇ ಕೈಬಿಟ್ಟರು.

ಮೂರನೆಯದು ತೆರಿಗೆ ವಿನಾಯಿತಿ, ಇದು ನನ್ನ ಕ್ಷೇತ್ರ. ದುಡಿಯುವ ವಿವಾಹಿತ ಮಹಿಳೆ ತಾನು ಕಟ್ಟಿದ ಲೆವಿಯ ಎರಡರಷ್ಟನ್ನು ತನ್ನ ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕಿಸಬಹುದಿತ್ತು. ವರ್ಷಕ್ಕೆ 3,600 ಕಟ್ಟಿದರೆ 7,200 ಕಳೆಯಬಹುದು. ಸೊಸೆಯ ಆದಾಯಕ್ಕೆ ಕೊನೆಯ ಹಂತದ ತೆರಿಗೆ ದರ ಶೇಕಡಾ 11.5, ಆದ್ದರಿಂದ ಉಳಿತಾಯ 828 ಡಾಲರ್. ಕಡಿಮೆ ಗಳಿಸುವವಳಿಗೆ, ಶೇಕಡಾ 7ರ ಹಂತದಲ್ಲಿರುವವಳಿಗೆ, ಅದೇ ಲೆವಿಗೆ 504. ತೆರಿಗೆಯನ್ನೇ ಕಟ್ಟದಷ್ಟು ಕಡಿಮೆ ಗಳಿಸುವವಳಿಗೆ ಸೊನ್ನೆ. ಸೊಸೆಗೆ ಸಿಕ್ಕಿತು, ಎರಡು ವರ್ಷ ಸಿಕ್ಕಿತು. ಆದರೆ 2025ರ ತೆರಿಗೆ ನಿರ್ಧಾರಣಾ ವರ್ಷದಿಂದ ಈ ವಿನಾಯಿತಿ ರದ್ದು ಎಂದು 2023ರ ಬಜೆಟ್‌ನಲ್ಲಿ ಪ್ರಕಟವಾಯಿತು. ಎಂದರೆ 2024ರಲ್ಲಿ ಕಟ್ಟುವ ಲೆವಿಗೆ ಏನೂ ಇಲ್ಲ.

2024ರ ಫೆಬ್ರವರಿ

ಯಾಂತಿಯ ಎರಡು ವರ್ಷದ ಪರವಾನಗಿ ಮಾರ್ಚ್‌ನಲ್ಲಿ ಮುಗಿಯುವುದಿತ್ತು. ಮೊದಲ ವರ್ಷದ ನಂತರ ಸಂಬಳ 620 ಆಗಿತ್ತು. ನವೀಕರಣದ ಮಾತು ಬಂದಾಗ ಆಕೆ 720 ಕೇಳಿದಳು. ಜೊತೆಗೆ ತಿಂಗಳಿಗೆ ಎರಡು ಭಾನುವಾರ ರಜೆ. 2023ರ ಜನವರಿಯಿಂದ ತಿಂಗಳಿಗೆ ಕನಿಷ್ಠ ಒಂದು ದಿನ ರಜೆ ಕೊಡಲೇಬೇಕು, ಅದರ ಬದಲು ಹಣ ಕೊಟ್ಟು ಮುಗಿಸುವಂತಿಲ್ಲ ಎಂಬ ನಿಯಮ ಬಂದಿದೆ. ಆ ಒಂದು ದಿನ ಆಕೆಗೆ ಸಿಗುತ್ತಿತ್ತು, ಉಳಿದ ಭಾನುವಾರಗಳಿಗೆ ಹಣ ಬರುತ್ತಿತ್ತು. ಈಗ ಇನ್ನೊಂದು ದಿನ ಬೇಕು ಎಂದಳು.

ಮಗ ನನ್ನಿಂದ ಒಂದು ಹಾಳೆ ಮಾಡಿಸಿಕೊಂಡ. ಮನೆಯ ತಿಂಗಳ ಖರ್ಚಿನ ಪಟ್ಟಿ. ಸಾಲದ ಕಂತು, ಶಾಲೆ, ಔಷಧ, ದಿನಸಿ. "ಯಾಂತಿ" ಎಂಬ ತಲೆಬರಹದ ಕೆಳಗೆ ಸಂಬಳ 620, ಲೆವಿ 300, ಭಾನುವಾರದ ಹಣ, ವಿಮೆ ಮತ್ತು ತಪಾಸಣೆಯ ಪಾಲು. ಒಟ್ಟು ಸಾವಿರ ದಾಟಿತ್ತು. ಅದರ ಕೆಳಗೆ ನಾನೇ ಇನ್ನೊಂದು ಸಾಲು ಸೇರಿಸಿದ್ದೆ: ತೆರಿಗೆ ವಿನಾಯಿತಿ ಹೋದದ್ದರಿಂದ ತಿಂಗಳಿಗೆ 69 ಡಾಲರ್ ಹೆಚ್ಚುವರಿ ಹೊರೆ. ಮಗನ ವಾದ ಸಿದ್ಧವಾಯಿತು. "ಯಾಂತಿಗೆ ನಾವು ಈಗಲೇ ಸಾವಿರಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದ್ದೇವೆ. ಈ ವರ್ಷದಿಂದ 69 ತಾನಾಗಿ ಏರಿದೆ. ಇನ್ನು 100 ಎಲ್ಲಿಂದ ತರಲಿ?"

ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದರು. ಯಾಂತಿ ದಿನಕ್ಕೆ ಇಪ್ಪತ್ತು ಸಲ ತೆರೆಯುವ ಬಾಗಿಲು ಅದು.

ಆ ಭಾನುವಾರ ನಾನೂ ಅಲ್ಲಿದ್ದೆ. ಊಟವಾಗಿತ್ತು. ಯಾಂತಿ ನೋಟುಪುಸ್ತಕ ತಂದು ಮೇಜಿನ ಮೇಲೆ ಬಲಪುಟ ತೆರೆದಿಟ್ಟಳು, ಹಾಳೆಯನ್ನು ಫ್ರಿಜ್‌ನಿಂದ ಬಿಡಿಸಿ ತಂದು ಪಕ್ಕಕ್ಕಿಟ್ಟಳು. ಸಿಟ್ಟಿರಲಿಲ್ಲ. ಪುಸ್ತಕದ 620ರ ಮೇಲೆ ಬೆರಳಿಟ್ಟಳು, ಹಾಳೆಯ 620ರ ಮೇಲೆ ಇಟ್ಟಳು. ಎರಡೂ ಸರಿ. ನಂತರ 300ರ ಮೇಲೆ. "ಇದು ನನ್ನ ಹೆಸರಿನ ಕೆಳಗೆ ಇದೆ. ನನ್ನ ಪುಸ್ತಕದಲ್ಲಿ ಇಲ್ಲ. ಇದು ಯಾರಿಗೆ?"

ಸರ್ಕಾರಕ್ಕೆ ಎಂದು ಸೊಸೆ ಹೇಳಿದಳು. ಆ ಹಣದಲ್ಲಿ ತನಗೆ ಏನಾದರೂ ಬರುತ್ತದೆಯೇ ಎಂದು ಯಾಂತಿ ಕೇಳಿದಳು: ಆಸ್ಪತ್ರೆಗೆ, ವಯಸ್ಸಾದಾಗ, ಊರಿಗೆ ಹೋಗುವ ಟಿಕೆಟ್ಟಿಗೆ? ಇಲ್ಲ. ಅದು ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಆಸ್ಪತ್ರೆಗೆ ಮನೆಯವರು ಬೇರೆ ವಿಮೆ ಮಾಡಿಸಿರುತ್ತಾರೆ. ಭವಿಷ್ಯನಿಧಿ ಆಕೆಗೆ ಅನ್ವಯಿಸುವುದಿಲ್ಲ. ಯಾಂತಿ ಸ್ವಲ್ಪ ಹೊತ್ತು ಹಾಳೆಯನ್ನು ನೋಡಿ, "ಹಾಗಾದರೆ ನನ್ನ ಹೆಸರಿನ ಕೆಳಗೆ ಯಾಕೆ ಬರೆದಿದ್ದೀರಿ?" ಎಂದಳು.

ಬರೆದವಳು ನಾನು. ಹದಿನಾಲ್ಕು ವರ್ಷಗಳಿಂದ ಹೀಗೆಯೇ ಬರೆಯುತ್ತ ಬಂದಿದ್ದೇನೆ, ಹಲವು ಮನೆಗಳಿಗೆ. ಸಂಬಳ ಮತ್ತು ಲೆವಿಯನ್ನು ಒಟ್ಟಿಗೆ ಕೂಡಿಸಿ "ಕೆಲಸದವಳ ಖರ್ಚು" ಎನ್ನುವುದು ಇಲ್ಲಿನ ರೂಢಿ, ಏಜೆನ್ಸಿಗಳ ಅಂದಾಜು ಪಟ್ಟಿಯಲ್ಲಿಯೂ ಹಾಗೆಯೇ ಇರುತ್ತದೆ. ಆ ಕೂಡಿಸುವಿಕೆಯಲ್ಲಿ ಏನು ನಡೆಯುತ್ತದೆ ಎಂದು ಅಂದು ಮಧ್ಯಾಹ್ನ ನನಗೆ ಮೊದಲ ಬಾರಿಗೆ ಕಂಡಿತು. ಲೆವಿಯನ್ನು ಸಂಬಳದಿಂದ ಹಿಡಿಯಬಾರದು ಎಂದು ಕಾನೂನು ಹೇಳುತ್ತದೆ, ಯಾರೂ ಹಿಡಿಯುವುದಿಲ್ಲ. ಆದರೆ ಸಂಬಳ ಏರಿಸುವ ಮಾತು ಬಂದಾಗ ಮನೆಯವರು ಅಳೆಯುವುದು 620ನ್ನಲ್ಲ, ಸಾವಿರವನ್ನು. ಲೆವಿ ಸಂಬಳದೊಳಗಿಂದ ಹೋಗುವುದಿಲ್ಲ, ಏರಬೇಕಾದ ಸಂಬಳದ ದಾರಿಗೆ ಅಡ್ಡ ನಿಲ್ಲುತ್ತದೆ. ಎರಡು ವರ್ಷದಲ್ಲಿ ಯಾಂತಿಗೆ ಸಂಬಳವಾಗಿ ಸಂದದ್ದು 14,640 ಡಾಲರ್. ಅದೇ ಅವಧಿಗೆ ಲೆವಿ 7,200. ಆಕೆಯ ದುಡಿಮೆಯ ಪ್ರತಿ ಎರಡು ಡಾಲರಿಗೆ ಹೆಚ್ಚುಕಡಿಮೆ ಒಂದು ಡಾಲರ್ ಬೊಕ್ಕಸಕ್ಕೆ ಹೋಗಿತ್ತು, ಆಕೆಯ ಪಾಲಿಗೆ ಅದರಿಂದ ಏನೂ ಇಲ್ಲ.

ತಿರುವು

ಮಗ ಅಂದು ಒಪ್ಪಲಿಲ್ಲ. ಯೋಚಿಸುತ್ತೇನೆ ಎಂದು ಎದ್ದುಹೋದ. ನಾನು ಮನೆಗೆ ಬಂದು ಅವರ ಎರಡು ವರ್ಷದ ಬ್ಯಾಂಕ್ ಪಟ್ಟಿಗಳನ್ನು ಮತ್ತೆ ಬಿಚ್ಚಿದೆ. ಹಾಳೆ ನನ್ನದಾಗಿತ್ತು, ಅದನ್ನು ಸರಿಪಡಿಸುವ ಹೊಣೆಯೂ ನನ್ನದೇ ಎನಿಸಿತ್ತು.

ಆಗ ಒಂದು ತಪ್ಪಿಹೋದ ಸಂಗತಿ ಸಿಕ್ಕಿತು. 2023ರ ಜೂನ್‌ನಲ್ಲಿ ಯಾಂತಿ ತನ್ನ ಮಗನ ಸುನ್ನತಿಗೆಂದು 21 ದಿನ ಊರಿಗೆ ಹೋಗಿದ್ದಳು. ಕೆಲಸದವರು ರಜೆಯಲ್ಲಿ ಊರಿಗೆ ಹೋದರೆ ವರ್ಷಕ್ಕೆ 60 ದಿನದವರೆಗೆ ಲೆವಿ ಮನ್ನಾ ಕೇಳಬಹುದು. ಕೇಳದಿದ್ದರೆ ಕಡಿತ ನಿಲ್ಲುವುದಿಲ್ಲ. ಇವರು ಕೇಳಿರಲಿಲ್ಲ, ನಾನೂ ನೆನಪಿಸಿರಲಿಲ್ಲ. ದಿನಕ್ಕೆ 9.87 ಡಾಲರ್‌ನಂತೆ 207 ಡಾಲರ್ 27 ಸೆಂಟ್. ಅರ್ಜಿ ಹಾಕಿದೆವು, ಮನ್ನಾ ಆಯಿತು.

ಆ 207 ಡಾಲರ್ ಯಾರದ್ದು? ಕಾನೂನಿನ ಪ್ರಕಾರ ಕಟ್ಟಿದವರದ್ದು, ಅನುಮಾನವೇ ಇಲ್ಲ. ಆದರೆ ಆ ಪ್ರಯಾಣದ ಟಿಕೆಟ್ಟನ್ನು ಯಾಂತಿ ಸ್ವಂತ ಹಣದಿಂದ ಕೊಂಡಿದ್ದಳು. ನೋಟುಪುಸ್ತಕದ ಬಲಪುಟದಲ್ಲಿ ಆ ತಿಂಗಳು "ಕೈಯಲ್ಲಿ ಉಳಿದದ್ದು" ಎಂಬಲ್ಲಿ ಸೊನ್ನೆ ಇತ್ತು. ಆಕೆ ಇಲ್ಲದ ದಿನಗಳಿಗೆ ಆಕೆಯ ಹೆಸರಿನಲ್ಲಿ ಕಟ್ಟಿದ ಹಣ ವಾಪಸು ಬಂದಿದೆ, ಅದು ಆಕೆಗೇ ಹೋಗಬೇಕು ಎಂದು ಸೊಸೆ ಹಟ ಹಿಡಿದಳು. ಮಗ ಒಪ್ಪಿದ. ದೊಡ್ಡ ಮೊತ್ತವಲ್ಲ. ಆದರೆ ಲೆವಿಯ ಒಂದು ಭಾಗವನ್ನು ಒಮ್ಮೆ ಯಾಂತಿಯ ಕೈಗೆ ಕೊಟ್ಟ ಮೇಲೆ ಉಳಿದದ್ದನ್ನು ಆಕೆಯ ಖರ್ಚು ಎಂದು ವಾದಿಸಲು ಅವನಿಗೆ ನಾಲಿಗೆ ಹೊರಳಲಿಲ್ಲ.

ನಾನು ಹೊಸ ಹಾಳೆ ಮಾಡಿಕೊಟ್ಟೆ. "ಯಾಂತಿ" ಎಂಬ ತಲೆಬರಹದ ಕೆಳಗೆ ಸಂಬಳ, ಭಾನುವಾರದ ಹಣ. ಇನ್ನೊಂದು ತಲೆಬರಹ "ತೆರಿಗೆ": ಆದಾಯ ತೆರಿಗೆ, ಮನೆಯ ಆಸ್ತಿ ತೆರಿಗೆ, ಲೆವಿ. ಒಟ್ಟು ಮೊತ್ತ ಒಂದು ಸೆಂಟ್‌ನಷ್ಟೂ ಬದಲಾಗಲಿಲ್ಲ. ಆದರೆ ಸಂಬಳದ ಚರ್ಚೆ ಈಗ 620ರಿಂದ ಆರಂಭವಾಯಿತು. ಆಸ್ತಿ ತೆರಿಗೆ ಏರಿತೆಂದು ಯಾರೂ ಯಾಂತಿಯ ಸಂಬಳವನ್ನು ತಡೆಹಿಡಿಯುವುದಿಲ್ಲವಲ್ಲ. 700ಕ್ಕೆ ಮಾತಾಯಿತು. ಎರಡು ಭಾನುವಾರ ರಜೆಯೂ ಆಯಿತು. ಆ ಎರಡು ದಿನ ಅಜ್ಜಿಯನ್ನು ಹೊರಳಿಸುವುದು, ತೊಳೆಯುವುದು, ಉಣಿಸುವುದು ಮಗನ ಪಾಲಿಗೆ ಬಂತು. ಎರಡನೆಯ ಭಾನುವಾರದ ಸಂಜೆ ಅವನು ಕೈಯಲ್ಲಿ ಗಂಜಿಯ ಬಟ್ಟಲು ಹಿಡಿದು ಯಾಂತಿಗೆ ಫೋನ್ ಮಾಡಿ, ಎಷ್ಟು ನೀರು ಹಾಕಬೇಕು ಎಂದು ಕೇಳಿದನಂತೆ.

ಹಾಂಗ್‌ಕಾಂಗ್ ತೋರಿಸಿದ್ದು

ಒಂದು ಮನೆಯ ಕಥೆಯಿಂದ ಹೆಚ್ಚು ಹೇಳಹೊರಟರೆ ತಪ್ಪಾಗುತ್ತದೆ. ಆದರೆ ಇದೇ ಸಂಗತಿ ಒಂದು ಇಡೀ ನಗರದಲ್ಲಿ, ಎಲ್ಲರ ಕಣ್ಣೆದುರು ನಡೆದಿದೆ.

ಹಾಂಗ್‌ಕಾಂಗ್‌ನಲ್ಲಿ ವಿದೇಶಿ ಮನೆಗೆಲಸದವರಿಗೆ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡುತ್ತದೆ. 2003ರಲ್ಲಿ ಅದನ್ನು ತಿಂಗಳಿಗೆ 3,670 ಹಾಂಗ್‌ಕಾಂಗ್ ಡಾಲರ್‌ನಿಂದ 3,270ಕ್ಕೆ ಇಳಿಸಿದರು. ಅದೇ ವರ್ಷ ಅಕ್ಟೋಬರ್‌ನಿಂದ ಮನೆಯವರ ಮೇಲೆ ತಿಂಗಳಿಗೆ 400 ಡಾಲರ್ ಲೆವಿ ಹಾಕಿದರು. ಸ್ಥಳೀಯ ಕಾರ್ಮಿಕರ ಮರುತರಬೇತಿಯ ನಿಧಿಗೆ ಆ ಹಣ. ಇಳಿದದ್ದೂ 400, ಹೇರಿದ್ದೂ 400. ಹೆಸರಿಗೆ ಲೆವಿ ಮನೆಯವರದ್ದು, ಹೊತ್ತವರು ಕೆಲಸದವರು. ಕಾನೂನಿನ ಕಣ್ಣಿನಲ್ಲಿ ಎರಡೂ ಬೇರೆ ಬೇರೆ ನಿರ್ಧಾರಗಳೆಂದು ಸರ್ಕಾರ ವಾದಿಸಿತು. ಮನೆಗೆಲಸದವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಮೇಲ್ಮನವಿಯಲ್ಲಿಯೂ ಸೋತರು.

2008ರ ಆಗಸ್ಟ್ 1ರಿಂದ ಲೆವಿಯನ್ನು ತಡೆಹಿಡಿದರು, 2013ರಲ್ಲಿ ರದ್ದು ಮಾಡಿದರು. ಆ 400 ಡಾಲರ್ ಸಂಬಳಕ್ಕೆ ಮರಳಿತೇ? 2008ರ ಜುಲೈನಲ್ಲಿ ಕನಿಷ್ಠ ವೇತನ 3,480ರಿಂದ 3,580 ಆಗಿತ್ತು, ಲೆವಿ ನಿಂತ ನಂತರವೂ ಅಲ್ಲಿಯೇ ನಿಂತಿತು. 2003ರ 3,670ನ್ನು ದಾಟಿ 3,740 ಆದದ್ದು 2011ರಲ್ಲಿ. ಲೆವಿ ಬಂದಾಗ ಸಂಬಳ ಇಳಿಯಿತು, ಲೆವಿ ಹೋದಾಗ ಮನೆಯವರ ಖರ್ಚು ಇಳಿಯಿತು.

ನಂತರ

ಅಜ್ಜಿ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಹಿಂದಿನ ರಾತ್ರಿ ಎರಡು ಗಂಟೆಗೂ ಯಾಂತಿ ಮಗ್ಗುಲು ಬದಲಿಸಿದ್ದಳು. ಬೆನ್ನಿನಲ್ಲಿ ಒಂದೇ ಒಂದು ಹುಣ್ಣಿರಲಿಲ್ಲ. ಎರಡೂವರೆ ವರ್ಷ ಹಾಸಿಗೆಯಲ್ಲಿದ್ದವರ ಬೆನ್ನನ್ನು ನೋಡಿದ ಯಾರಿಗಾದರೂ ಇದರ ಅರ್ಥ ಗೊತ್ತಾಗುತ್ತದೆ.

ಇನ್ನು ಆ ಮನೆಗೆ ಕೆಲಸದವರ ಅಗತ್ಯವಿರಲಿಲ್ಲ. ಅಕ್ಟೋಬರ್‌ನಲ್ಲಿ ಯಾಂತಿ ಬೇರೊಂದು ಮನೆಗೆ ವರ್ಗವಾದಳು. ಮನೆಯವರು ಪ್ರಜೆಗಳು, ಎರಡು ಪುಟ್ಟ ಮಕ್ಕಳು, ಲೆವಿ 60. ನನ್ನ ಊಹೆಗೆ ಅದೇ ನಿಜವಾದ ಪರೀಕ್ಷೆಯಾಗಿತ್ತು. ಲೆವಿಯ ಭಾರ ಸಂಬಳವನ್ನು ತಡೆಹಿಡಿಯುವುದಾದರೆ, 240 ಡಾಲರ್ ಕಡಿಮೆ ಕಟ್ಟುವ ಮನೆಯಲ್ಲಿ ಸಂಬಳ ಸ್ವಲ್ಪವಾದರೂ ಮೇಲಿರಬೇಕಿತ್ತು. ಅವರು ಹೇಳಿದ ಮೊದಲ ಮೊತ್ತ 680, ಈ ಮನೆಯಲ್ಲಿ ಸಿಗುತ್ತಿದ್ದದ್ದಕ್ಕಿಂತ 20 ಕಡಿಮೆ. ಹಾಂಗ್‌ಕಾಂಗ್‌ನಲ್ಲಿ ಆದದ್ದೇ ಇಲ್ಲಿಯೂ ಆಯಿತು. ಲೆವಿ ಹೆಚ್ಚಿದ್ದರೆ ಅದನ್ನು ತೋರಿಸಿ ಸಂಬಳ ತಡೆಯುತ್ತಾರೆ, ಕಡಿಮೆಯಿದ್ದರೆ ಅದರ ಮಾತೇ ಎತ್ತುವುದಿಲ್ಲ.

ಆದ್ದರಿಂದ ರಿಯಾಯಿತಿಯನ್ನು ಇನ್ನಷ್ಟು ಮನೆಗಳಿಗೆ ವಿಸ್ತರಿಸಿದರೆ ನ್ಯಾಯ ಸಿಕ್ಕಿತು ಎಂದು ಈ ಪ್ರಕರಣದ ಆರಂಭದಲ್ಲಿ ನಂಬಿದ್ದ ನಾನು ಈಗ ಹಾಗೆ ನಂಬುವುದಿಲ್ಲ. ಅದು ನನ್ನ ಪರಿಚಯದ ಕುಟುಂಬಗಳಿಗೆ ಸಿಗುವ ನ್ಯಾಯ, ಅವರಿಗೆ ಸಿಗಲಿ ಎಂದೇ ಬಯಸುತ್ತೇನೆ. ಆದರೆ ಲೆವಿಯ ಒಂದು ಪಾಲಾದರೂ ಯಾರ ದುಡಿಮೆಯ ಮೇಲೆ ಅದು ನಿಂತಿದೆಯೋ ಅವರ ಹೆಸರಿನ ಖಾತೆಗೆ ಸೇರದಿದ್ದರೆ, ಊರಿಗೆ ಮರಳುವಾಗ ಅವರ ಕೈಗೆ ಬರದಿದ್ದರೆ, 60 ಆಗಲಿ 300 ಆಗಲಿ ಅದು ಮನೆಯವರ ಮತ್ತು ಸರ್ಕಾರದ ನಡುವಿನ ಲೆಕ್ಕವಾಗಿಯೇ ಉಳಿಯುತ್ತದೆ. ಕಾನೂನು ಬದಲಾಗುವವರೆಗೆ ಮನೆಯವರ ಕೈಯಲ್ಲಿ ಇರುವುದು ಇಷ್ಟು: ಲೆವಿಯನ್ನು ಕೆಲಸದವರ ಹೆಸರಿನ ಕೆಳಗೆ ಬರೆಯದಿರುವುದು, ಅವರು ಊರಿಗೆ ಹೋದ ದಿನಗಳ ಮನ್ನಾವನ್ನು ಮರೆಯದೆ ಕೇಳಿ ಟಿಕೆಟ್ಟಿಗೆ ಕೊಡುವುದು, ಸಂಬಳದ ಮಾತಿಗೆ ಕೂರುವಾಗ ಎರಡೂ ಅಂಕಿಗಳನ್ನು ಅವರ ಮುಂದೆಯೇ ಇಡುವುದು. ನಾನೀಗ ಮಾಡಿಕೊಡುವ ಎಲ್ಲ ಹಾಳೆಗಳಲ್ಲಿ ಲೆವಿ ತೆರಿಗೆಯ ಸಾಲಿನಲ್ಲಿದೆ. ಕೆಲವರು ಹಳೆಯ ರೀತಿಯಲ್ಲಿಯೇ ಬೇಕು ಎನ್ನುತ್ತಾರೆ. ನಾನು ಮಾಡಿಕೊಡುವುದಿಲ್ಲ.

ಹೊಸ ಮನೆಯ ಸಂದರ್ಶನದಲ್ಲಿ 680 ಎಂದಾಗ ಯಾಂತಿ ಒಂದೇ ಪ್ರಶ್ನೆ ಕೇಳಿದಳಂತೆ: "ನಿಮ್ಮ ಲೆವಿ 60 ಅಥವಾ 300?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಂತರ 60 ಎಂದರು. 700ಕ್ಕೆ ಒಪ್ಪಂದವಾಯಿತು.

ಕಳೆದ ಬಾರಿ ಭೇಟಿಯಾದಾಗ ನೋಟುಪುಸ್ತಕ ತೋರಿಸಿದಳು. ಎಡಪುಟಗಳಲ್ಲಿ ಈಗ ಚೀನೀ ಭಾಷೆಯ ಮಾತುಗಳು ತುಂಬುತ್ತಿವೆ. ಕನ್ನಡದ ಪುಟಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೆ ಮಡಿಸಿಟ್ಟಿದ್ದಾಳೆ. ಬಲಪುಟದ ಮೇಲ್ತುದಿಯಲ್ಲಿ ಈ ಸಲ ಒಂದರ ಬದಲು ಎರಡು ಅಂಕಿಗಳಿವೆ: 700, ಅದರ ಪಕ್ಕದಲ್ಲಿ 60.